ಭಯ, ಕೋಪ, ದುಃಖದ ಸಂದರ್ಭದಲ್ಲಿ ಗಮನ ಮತ್ತು ಸಂಯಮ: ಅರ್ಜಿದಾರರ ಮಾಹಿತಿಗಾಗಿ

ಸರ್ಕಾರಿ ಸೇವೆಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಅರ್ಜಿಯೊಂದಿಗೆ ಯಾವ ದಾಖಲೆಗಳನ್ನು ಲಗತ್ತಿಸಬೇಕು, ಶುಲ್ಕವೆಷ್ಟು, ಎಷ್ಟು ದಿನಗಳೊಳಗೆ ಸೇವೆ ದೊರೆಯುತ್ತದೆ ಎಂಬ ವಿವರಗಳು ಕಚೇರಿಗಳ ಸೂಚನಾ ಫಲಕಗಳಲ್ಲಿ ಇರುತ್ತವೆ. ಅರ್ಜಿ ಬರೆಯುವ ವ್ಯಕ್ತಿಯ ಮನಸ್ಸು ಆ ಹೊತ್ತಿನಲ್ಲಿ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದನ್ನು ಮಾತ್ರ ಯಾವ ಫಲಕವೂ ಹೇಳುವುದಿಲ್ಲ. ಕಚೇರಿಗೆ ಬರುವವರಲ್ಲಿ ಅನೇಕರು ನೆಮ್ಮದಿಯ ದಿನಗಳಲ್ಲಿ ಬರುವವರಲ್ಲ. ಮನೆಯಲ್ಲಿ ಸಾವು ಸಂಭವಿಸಿರುತ್ತದೆ, ಬೆಳೆ ಹಾಳಾಗಿರುತ್ತದೆ, ಮಗಳ ಕಾಲೇಜು ಪ್ರವೇಶಕ್ಕೆ ಮರುದಿನವೇ ಕಡೆಯ ದಿನವಾಗಿರುತ್ತದೆ, ಇಲ್ಲವೇ ಮೂರನೆಯ ಬಾರಿ ಅಲೆದು ಬಂದಿರುತ್ತಾರೆ.

ಅಂತಹ ಅರ್ಜಿಗಳಲ್ಲಿ ಕಂಡುಬರುವ ತಪ್ಪುಗಳಿಗೆ ಒಂದು ವಿಶಿಷ್ಟ ಲಕ್ಷಣವಿದೆ. ತಂದೆಯವರು ಮರಣ ಹೊಂದಿದ ದಿನಾಂಕದ ಅಂಕಣದಲ್ಲಿ ಅರ್ಜಿದಾರರು ತಮ್ಮದೇ ಜನ್ಮದಿನಾಂಕವನ್ನು ಬರೆದಿರುತ್ತಾರೆ. ಎರಡು ಪುಟಗಳಲ್ಲಿ ತಮ್ಮ ಕಷ್ಟವನ್ನು ಸ್ಪಷ್ಟವಾಗಿ, ಮನಮುಟ್ಟುವಂತೆ ವಿವರಿಸಿದವರು ಕೊನೆಯಲ್ಲಿ ಸಹಿ ಮಾಡುವುದನ್ನೇ ಮರೆತಿರುತ್ತಾರೆ. ಮೂಲ ದಾಖಲೆಗಳನ್ನು ಲಗತ್ತಿಸಿ ನಕಲು ಪ್ರತಿಗಳನ್ನು ಮನೆಗೆ ಕೊಂಡೊಯ್ದಿರುತ್ತಾರೆ. ಓದು ಬರಹ ಬಾರದವರು ಮಾತ್ರ ಹೀಗೆ ಮಾಡುತ್ತಾರೆಂದು ಯಾರೂ ಭಾವಿಸಬಾರದು. ಶಾಲಾ ಶಿಕ್ಷಕರು, ಬ್ಯಾಂಕ್ ನೌಕರರು, ನಿವೃತ್ತ ಸರ್ಕಾರಿ ನೌಕರರು ಕೂಡ ಇದಕ್ಕೆ ಹೊರತಲ್ಲ. ಇದು ಬುದ್ಧಿಯ ಕೊರತೆಯಲ್ಲ. ಭಯ, ಕೋಪ, ದುಃಖ, ಚಿಂತೆಗಳು ಮೆದುಳಿನ ಕೆಲಸವನ್ನು ಒಂದು ನಿರ್ದಿಷ್ಟ ರೀತಿಯಲ್ಲಿ ಬದಲಿಸುತ್ತವೆ. ಆ ರೀತಿಯನ್ನು ತಿಳಿದಿದ್ದರೆ ಕೆಲವು ನಷ್ಟಗಳನ್ನು ತಪ್ಪಿಸಬಹುದು.

ಈ ಲೇಖಕನು ವಾಣಿಜ್ಯ ಪದವೀಧರನೇ ಹೊರತು ವೈದ್ಯನಲ್ಲ. ಆದ್ದರಿಂದ ಪ್ರಕಟಿತ ಸಂಶೋಧನೆಗಳಲ್ಲಿ ಇರುವಷ್ಟನ್ನು ಮಾತ್ರ ಇಲ್ಲಿ ವಿವರಿಸಲಾಗಿದೆ.

ಮೆದುಳಿನಲ್ಲಿ ನಡೆಯುವುದೇನು

ಹಣೆಯ ಹಿಂಭಾಗದಲ್ಲಿರುವ ಮೆದುಳಿನ ಹೊರಪದರಕ್ಕೆ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಹೆಸರಿದೆ. ಒಂದು ವಿಷಯದ ಮೇಲೆ ಗಮನವನ್ನು ನಿಲ್ಲಿಸುವುದು, ಅದನ್ನು ಬೇಕೆಂದಾಗ ಇನ್ನೊಂದು ವಿಷಯಕ್ಕೆ ತಿರುಗಿಸುವುದು, ಕೈಯಲ್ಲಿರುವ ಕೆಲಸಕ್ಕೆ ಬೇಕಾದ ಮಾಹಿತಿಯನ್ನು ಕೆಲವು ಕ್ಷಣ ನೆನಪಿನಲ್ಲಿ ಹಿಡಿದಿಡುವುದು, ನಾಲಿಗೆಯ ತುದಿಗೆ ಬಂದ ಮಾತನ್ನು ತಡೆಯುವುದು ಮುಂತಾದ ಕೆಲಸಗಳಲ್ಲಿ ಈ ಭಾಗದ ಪಾತ್ರ ದೊಡ್ಡದು. ಮೆದುಳಿನ ಒಳಭಾಗದಲ್ಲಿ ಬಾದಾಮಿ ಬೀಜದ ಆಕಾರದ ಅಮಿಗ್ಡಲ ಎಂಬ ಚಿಕ್ಕ ಭಾಗವಿದೆ. ಅಪಾಯದ ಸೂಚನೆಯನ್ನು ಗ್ರಹಿಸಿ ದೇಹವನ್ನು ಎಚ್ಚರಿಸುವ ಕಾರ್ಯದಲ್ಲಿ ಇದು ಭಾಗಿಯಾಗುತ್ತದೆ.

ಶಬ್ದವೊಂದು ಅಪಾಯದ ಸೂಚನೆಯಾಗಿದ್ದಾಗ ಅದು ಎರಡು ದಾರಿಗಳಲ್ಲಿ ಅಮಿಗ್ಡಲವನ್ನು ತಲುಪುತ್ತದೆ ಎಂದು ಅಮೆರಿಕದ ವಿಜ್ಞಾನಿ ಜೋಸೆಫ್ ಲೆಡೂ ಅವರು ಇಲಿಗಳ ಮೇಲೆ ನಡೆಸಿದ ಅಧ್ಯಯನಗಳಿಂದ ತೋರಿಸಿದರು. ಒಂದು ದಾರಿ ಹೊರಪದರದ ಮೂಲಕ ಹೋಗುತ್ತದೆ. ಅದು ನಿಧಾನವಾದರೂ ವಿವರವುಳ್ಳದ್ದು. ಇನ್ನೊಂದು ನೇರವಾದ ಒಳದಾರಿ. ಅದು ವೇಗವಾದದ್ದು, ಆದರೆ ಒರಟಾದದ್ದು. ಈ ಕಾರಣದಿಂದ ಅಮಿಗ್ಡಲವನ್ನು ‘ಭಯದ ಕೇಂದ್ರ’ ಎಂದು ಕರೆಯುವ ರೂಢಿ ಪತ್ರಿಕೆಗಳಲ್ಲಿ ಬೆಳೆಯಿತು. ನಾವು ಭಯವೆಂದು ಅನುಭವಿಸುವ ಭಾವನೆ ಈ ಒಂದೇ ಭಾಗದಲ್ಲಿ ಹುಟ್ಟುವುದಿಲ್ಲವೆಂದು ಲೆಡೂ ಅವರೇ ನಂತರದ ವರ್ಷಗಳಲ್ಲಿ ಈ ರೂಢಿಯನ್ನು ಆಕ್ಷೇಪಿಸಿದ್ದಾರೆ.

ಅಪಾಯದ ಎಚ್ಚರಿಕೆ ಹೊರಟ ಕೆಲವೇ ಕ್ಷಣಗಳಲ್ಲಿ ಮೆದುಳಿನಲ್ಲಿ ನಾರ್‌ಅಡ್ರಿನಲಿನ್ ಮತ್ತು ಡೋಪಮಿನ್ ಎಂಬ ರಾಸಾಯನಿಕಗಳ ಪ್ರಮಾಣ ಏರುತ್ತದೆ. ಕಾರ್ಟಿಸೋಲ್ ಎಂಬ ಹಾರ್ಮೋನು ನಿಧಾನವಾಗಿ, ನಿಮಿಷಗಳ ಲೆಕ್ಕದಲ್ಲಿ ಏರುತ್ತದೆ. ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ಅವರು ಈ ವಿಷಯದ ಸಂಶೋಧನೆಗಳನ್ನು ಕ್ರೋಡೀಕರಿಸಿ 2009ರಲ್ಲಿ ಪ್ರಕಟಿಸಿದ ಲೇಖನದ ತಾತ್ಪರ್ಯ ಹೀಗಿದೆ: ಈ ರಾಸಾಯನಿಕಗಳು ಮಿತ ಪ್ರಮಾಣದಲ್ಲಿದ್ದಾಗ ಪ್ರಿಫ್ರಂಟಲ್ ಕಾರ್ಟೆಕ್ಸ್ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರಮಾಣ ಅತಿಯಾದಾಗ ಅಲ್ಲಿನ ನರಕೋಶಗಳ ನಡುವಿನ ಸಂಪರ್ಕ ದುರ್ಬಲವಾಗುತ್ತದೆ, ಅಭ್ಯಾಸಬಲದಿಂದಲೂ ಆವೇಗದಿಂದಲೂ ನಡೆಯುವ ಭಾಗಗಳು ಮೇಲುಗೈ ಪಡೆಯುತ್ತವೆ. ಹಾವು ಕಂಡಾಗ ಯೋಚಿಸುತ್ತ ನಿಲ್ಲದೆ ಹಿಂದಕ್ಕೆ ಜಿಗಿಯಲು ಇದು ತಕ್ಕ ವ್ಯವಸ್ಥೆಯೇ ಆಗಿದೆ. ಹದಿನಾಲ್ಕು ಅಂಕಣಗಳ ನಮೂನೆಯನ್ನು ಭರ್ತಿ ಮಾಡಲು ಮಾತ್ರ ಇದು ತಕ್ಕುದಲ್ಲ.

ಗಮನ ಕಿರಿದಾಗುವುದು

ಭಯಗೊಂಡವರಿಗೆ ಗಮನವೇ ಇರುವುದಿಲ್ಲವೆಂಬ ಸಾಮಾನ್ಯ ತಿಳಿವಳಿಕೆ ಸರಿಯಲ್ಲ. ಗಮನ ಇರುತ್ತದೆ, ಅದರ ವ್ಯಾಪ್ತಿ ಮಾತ್ರ ಕುಗ್ಗಿರುತ್ತದೆ. ಉದ್ವೇಗ ಹೆಚ್ಚಿದಂತೆ ಮನುಷ್ಯನು ಬಳಸಿಕೊಳ್ಳುವ ಸುಳಿವುಗಳ ವ್ಯಾಪ್ತಿ ಕಡಿಮೆಯಾಗುತ್ತದೆ ಎಂಬ ವಾದವನ್ನು ಈಸ್ಟರ್‌ಬ್ರುಕ್ ಎಂಬ ಮನೋವಿಜ್ಞಾನಿ 1959ರಲ್ಲಿ ಮಂಡಿಸಿದರು. ಮೊದಲು ಬಿಟ್ಟುಹೋಗುವುದು ಅಂಚಿನ ವಿಷಯಗಳು. ನಡುವಿನ ಮುಖ್ಯ ವಿಷಯದ ಮೇಲೆ ಗಮನ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ.

ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನಿದರ್ಶನ. ಉಪಾಹಾರ ಗೃಹವೊಂದರ ಚಿತ್ರಗಳ ಸರಣಿಯನ್ನು ವೀಕ್ಷಕರಿಗೆ ತೋರಿಸಲಾಯಿತು. ಒಂದು ಸರಣಿಯಲ್ಲಿ ಗಿರಾಕಿಯು ಹಣ ಸ್ವೀಕರಿಸುವವರತ್ತ ಪಿಸ್ತೂಲು ಹಿಡಿದಿದ್ದನು. ಇನ್ನೊಂದರಲ್ಲಿ ಅದೇ ಗಿರಾಕಿ ಚೆಕ್ಕು ನೀಡುತ್ತಿದ್ದನು. ಪಿಸ್ತೂಲು ನೋಡಿದವರ ಕಣ್ಣುಗಳು ಅದರ ಮೇಲೆಯೇ ಹೆಚ್ಚು ಬಾರಿ, ಹೆಚ್ಚು ಹೊತ್ತು ನಿಂತವು. ಅದನ್ನು ಹಿಡಿದವನನ್ನು ಗುರುತಿಸುವಲ್ಲಿ ಅವರೇ ಹಿಂದೆ ಬಿದ್ದರು.

ಅರ್ಜಿಗಳಲ್ಲಿ ಕಾಣುವುದೂ ಇದೇ. ಅರ್ಜಿದಾರರ ಮನಸ್ಸಿನಲ್ಲಿ ಆಗಿರುವ ನಷ್ಟ ಅಥವಾ ಅನ್ಯಾಯವೇ ನಡುವಿನ ವಿಷಯ. ಅದನ್ನು ಅವರು ಅಕ್ಷರಶಃ ಒಪ್ಪವಾಗಿ ಬರೆಯುತ್ತಾರೆ. ಸಹಿ, ದಿನಾಂಕ, ಲಗತ್ತುಗಳ ಪಟ್ಟಿ, ಬ್ಯಾಂಕ್ ಖಾತೆಯ ಸಂಖ್ಯೆ ಇವೆಲ್ಲ ಅಂಚಿಗೆ ಸರಿದಿರುತ್ತವೆ. ಕಚೇರಿಯ ದೃಷ್ಟಿಯಲ್ಲಿ ಕ್ರಮ ಇದಕ್ಕೆ ವಿರುದ್ಧವಾಗಿದೆ. ಎರಡು ಪುಟಗಳ ವಿವರಣೆ ಇಲ್ಲದಿದ್ದರೂ ಅರ್ಜಿ ಮುಂದೆ ಹೋಗುತ್ತದೆ, ಖಾತೆಯ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಹಣ ಸಂದಾಯವಾಗುವುದಿಲ್ಲ. ವಿಷಯ ನಿರ್ವಾಹಕರು ಹಿಂಬರಹ ನೀಡಿದಾಗ ಅರ್ಜಿದಾರರಿಗೆ ತಮ್ಮ ಕಷ್ಟವನ್ನು ಯಾರೂ ಓದಲಿಲ್ಲವೆಂದು ಅನ್ನಿಸುತ್ತದೆ. ಅದರಿಂದ ಕೋಪ ಬರುವುದು ಸಹಜವಾದರೂ ಮುಂದಿನ ಅರ್ಜಿಯಲ್ಲಿ ಅಂಚು ಇನ್ನಷ್ಟು ಮಸುಕಾಗುತ್ತದೆ.

ಹಣದ ಚಿಂತೆಯ ಬಗ್ಗೆ ನಮ್ಮ ನೆರೆಯ ತಮಿಳುನಾಡಿನಲ್ಲಿಯೇ ನಡೆದ ಅಧ್ಯಯನವೊಂದು ಜಗತ್ತಿನ ಗಮನ ಸೆಳೆದಿದೆ. ಆನಂದಿ ಮಣಿ, ಸೆಂಥಿಲ್ ಮುಲ್ಲೈನಾಥನ್, ಎಲ್ಡರ್ ಶಫೀರ್ ಮತ್ತು ಜಿಯಾಯಿಂಗ್ ಜಾವೋ ಅವರು ವಿಳುಪ್ಪುರಂ ಮತ್ತು ತಿರುವಣ್ಣಾಮಲೈ ಸುತ್ತಲಿನ 464 ಕಬ್ಬು ಬೆಳೆಗಾರರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಬ್ಬಿನ ಹಣ ಕೈಗೆ ಬರುವುದು ಕಟಾವಿನ ನಂತರ. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ಸಾಲ, ಗಿರವಿಗಳ ಒತ್ತಡ ಹೆಚ್ಚು. ಅದೇ ರೈತರು ಕಟಾವಿಗೆ ಮುಂಚಿನ ಪರೀಕ್ಷೆಗಿಂತ ನಂತರದ ಪರೀಕ್ಷೆಯಲ್ಲಿ ಉತ್ತಮ ಫಲಿತಾಂಶ ಪಡೆದರು. ಗಮನ ನಿಯಂತ್ರಣದ ಪರೀಕ್ಷೆಯೂ ಅದರಲ್ಲಿ ಸೇರಿತ್ತು. ಕೈಯಲ್ಲಿ ಹಣವಿಲ್ಲದ ಚಿಂತೆ ಮನಸ್ಸಿನ ಒಂದು ಭಾಗವನ್ನು ಆಕ್ರಮಿಸಿಕೊಂಡಿರುತ್ತದೆ ಎಂಬುದು ಸಂಶೋಧಕರ ವಿವರಣೆ. ಈ ಅಧ್ಯಯನದ ಲೆಕ್ಕಾಚಾರದ ಬಗ್ಗೆ ಇತರ ವಿದ್ವಾಂಸರು ಆಕ್ಷೇಪ ಎತ್ತಿದ್ದಾರೆ. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆ ಮುಂದೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂತಹ ವ್ಯತ್ಯಾಸ ಕಂಡುಬರಲಿಲ್ಲ. ವಾರ ಎರಡು ವಾರದ ಸಂಬಳದ ಅಂತರವನ್ನೂ ವರ್ಷಕ್ಕೊಮ್ಮೆ ಬರುವ ಕಬ್ಬಿನ ಹಣವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬ ಪ್ರಶ್ನೆ ಗ್ರಾಮೀಣ ಪ್ರದೇಶದ ಪರಿಚಯವುಳ್ಳ ಯಾರಿಗಾದರೂ ಬರುತ್ತದೆ.

ಸಂಯಮ ಏಕೆ ತಪ್ಪುತ್ತದೆ

ಸಂಯಮವೆಂಬುದು ತೊಟ್ಟಿಯ ನೀರಿನಂತೆ ಬಳಸಿದಷ್ಟೂ ಖಾಲಿಯಾಗುತ್ತದೆ ಎಂಬ ಸಿದ್ಧಾಂತ 1998ರಿಂದ ಬಹಳ ಪ್ರಚಾರ ಪಡೆಯಿತು. 2016ರಲ್ಲಿ ಅನೇಕ ದೇಶಗಳ 23 ಪ್ರಯೋಗಾಲಯಗಳು ಒಟ್ಟಾಗಿ ಅದನ್ನು ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಶೂನ್ಯವೆಂದು ಕಂಡುಬಂತು. ಆದ್ದರಿಂದ ಆ ಹೋಲಿಕೆಯನ್ನು ಇಲ್ಲಿ ಬಳಸುತ್ತಿಲ್ಲ.

ಹೆಚ್ಚು ಉಪಯುಕ್ತವಾಗಿ ಕಾಣುವುದು ಡಯಾನ್ ಟೈಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಬೇಸರಗೊಂಡವರು ಎದುರಿಗಿದ್ದ ಕುರುಕಲು ತಿಂಡಿಯನ್ನು ಹೆಚ್ಚು ತಿಂದರು. ತಿನ್ನುವುದರಿಂದ ಮನಸ್ಸು ಹಗುರವಾಗುವುದಿಲ್ಲವೆಂದು ಮೊದಲೇ ತಿಳಿಸಿದ್ದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಕಷ್ಟದ ಪರೀಕ್ಷೆಗೆ ಸಿದ್ಧತೆ ಮಾಡಿಕೊಳ್ಳುವುದನ್ನು ಮುಂದೂಡುವ ವಿಷಯದಲ್ಲಿಯೂ ಇಂತಹುದೇ ಫಲಿತಾಂಶ ಬಂದಿತು. ಅಂದರೆ ನೊಂದ ಮನಸ್ಸಿನ ಹಿಡಿತ ಸುಮ್ಮನೆ ಕಳಚಿ ಬೀಳುವುದಿಲ್ಲ. ಈ ಕ್ಷಣದ ನೋವನ್ನು ಕಳೆದುಕೊಳ್ಳುವುದಕ್ಕೆ ಅದು ಮೊದಲ ಆದ್ಯತೆ ನೀಡುತ್ತದೆ, ಉಳಿದ ಗುರಿಗಳನ್ನು ಬದಿಗೆ ಸರಿಸುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಇಂದಿನ ಚಿಲ್ಲರೆ ಖರ್ಚಿಗಾಗಿ ಠೇವಣಿಯನ್ನು ಅವಧಿಗೆ ಮುನ್ನವೇ ಮುರಿದಂತೆ.

ಇದರಿಂದ ಎರಡು ವರ್ತನೆಗಳು ಅರ್ಥವಾಗುತ್ತವೆ. ಒಂದು, ನೋಂದಾಯಿತ ಅಂಚೆಯಲ್ಲಿ ಬಂದ ಕಚೇರಿಯ ಪತ್ರವನ್ನು ತೆರೆಯದೆ ಕಪಾಟಿನಲ್ಲಿ ಇಡುವುದು. ಲಕೋಟೆ ತೆರೆಯದಿದ್ದರೆ ಆ ದಿನಕ್ಕೆ ಆತಂಕ ಇರುವುದಿಲ್ಲ, ಆದರೆ ಉತ್ತರಿಸುವ ಅವಧಿ ಲಕೋಟೆಯೊಳಗೇ ಮುಗಿದುಹೋಗುತ್ತದೆ. ಸೋಮಾರಿತನವೆಂದು ಇದನ್ನು ಹಳಿಯುವವರೇ ಹೆಚ್ಚು. ಇನ್ನೊಂದು, ಕೌಂಟರಿನ ಎದುರು ಸ್ಫೋಟಗೊಳ್ಳುವ ಕೋಪ. ಕೂಗಾಡಿದ ಕ್ಷಣ ಮನಸ್ಸು ಹಗುರವಾದಂತೆ ತೋರುತ್ತದೆ. ಮೇಜಿನ ಮೇಲಿನ ಕಡತ ಹರಿದರೆ ಅಥವಾ ಕೈ ಮೇಲೆದ್ದರೆ ವಿಷಯ ಸೇವೆಯ ವ್ಯಾಪ್ತಿಯನ್ನು ದಾಟುತ್ತದೆ. ಕರ್ತವ್ಯನಿರತ ಸರ್ಕಾರಿ ನೌಕರರನ್ನು ತಡೆಯಲು ಹಲ್ಲೆ ಅಥವಾ ಬಲಪ್ರಯೋಗ ಮಾಡುವುದು ಭಾರತೀಯ ನ್ಯಾಯ ಸಂಹಿತೆ, 2023ರ 132ನೇ ಪ್ರಕರಣದಡಿ ಶಿಕ್ಷಾರ್ಹ ಅಪರಾಧ. ಆದಾಯ ಪ್ರಮಾಣ ಪತ್ರಕ್ಕಾಗಿ ಬಂದವರು ನ್ಯಾಯಾಲಯಕ್ಕೆ ಅಲೆಯುವಂತಾಗುವುದು ಯಾರಿಗೂ ಬೇಡ.

ಇಲ್ಲಿ ಕಚೇರಿಯ ಪಾಲೂ ಇದೆಯೆಂದು ಹೇಳದಿದ್ದರೆ ಈ ಲೇಖನ ಏಕಪಕ್ಷೀಯವಾಗುತ್ತದೆ. ದಿನವಿಡೀ ಸಾಲಿನಲ್ಲಿ ನಿಂತವರ ಮಾತು ಕೇಳುವ ಸಿಬ್ಬಂದಿಯ ಮೆದುಳು ಬೇರೆ ವಸ್ತುವಿನಿಂದ ಆಗಿಲ್ಲ. ಸಂಜೆಯ ಹೊತ್ತಿಗೆ ಅವರ ಗಮನವೂ ಕಿರಿದಾಗಿರುತ್ತದೆ. ಎಲ್ಲ ನ್ಯೂನತೆಗಳನ್ನು ಒಂದೇ ಹಿಂಬರಹದಲ್ಲಿ ತಿಳಿಸದೆ ಒಂದೊಂದನ್ನೇ ಒಂದೊಂದು ಸಲ ತಿಳಿಸಿದರೆ ನಾಗರಿಕರ ಕೋಪಕ್ಕೆ ಕಚೇರಿಯೇ ಕಾರಣವಾಗುತ್ತದೆ.

ಭಯವನ್ನು ಬಳಸಿಕೊಳ್ಳುವವರು

ಗಮನ ಕಿರಿದಾಗುವ ಈ ಗುಣವನ್ನು ಬಹಳ ಚೆನ್ನಾಗಿ ಬಲ್ಲವರು ವಂಚಕರು. ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆಯ ಬಗ್ಗೆ ಪ್ರಧಾನ ಮಂತ್ರಿಯವರು 27 ಅಕ್ಟೋಬರ್ 2024ರ ‘ಮನ್ ಕಿ ಬಾತ್’ ಕಾರ್ಯಕ್ರಮದಲ್ಲಿ ದೇಶದ ಜನತೆಯನ್ನು ಎಚ್ಚರಿಸಿದ್ದರು. ಪೊಲೀಸ್, ಸಿಬಿಐ ಅಥವಾ ಸುಂಕ ಇಲಾಖೆಯ ಹೆಸರು ಹೇಳಿ ವಿಡಿಯೋ ಕರೆ ಮಾಡುವವರು ಮೊದಲು ಬಂಧನದ ಭಯ ಹುಟ್ಟಿಸುತ್ತಾರೆ. ನಂತರ ಕರೆ ಕಡಿತಗೊಳಿಸಬಾರದು, ಮನೆಯವರಿಗೂ ತಿಳಿಸಬಾರದು ಎಂದು ಆಜ್ಞೆ ಮಾಡುತ್ತಾರೆ. ಈ ಎರಡು ಆಜ್ಞೆಗಳೇ ವಂಚನೆಯ ಬೆನ್ನೆಲುಬು. ಭಯ ಇಳಿಯಲು ಬೇಕಾದ ಸಮಯವನ್ನೂ, ಭಯವಿಲ್ಲದ ಇನ್ನೊಬ್ಬರ ಆಲೋಚನೆಯನ್ನೂ ಅವು ದೂರವಿಡುತ್ತವೆ. ವಿದ್ಯಾವಂತರು ಇದಕ್ಕೆ ಬಲಿಯಾದಾಗ ಜನ ಆಶ್ಚರ್ಯಪಡುತ್ತಾರೆ. ಮೇಲೆ ವಿವರಿಸಿದ ಕಾರಣಗಳನ್ನು ಓದಿದವರಿಗೆ ಆಶ್ಚರ್ಯವೆನಿಸಲಾರದು.

ವಿಡಿಯೋ ಕರೆಯ ಮೂಲಕ ಬಂಧಿಸುವ ಅವಕಾಶ ಭಾರತದ ಯಾವ ಕಾನೂನಿನಲ್ಲಿಯೂ ಇಲ್ಲ. ಹಣ ಕಳೆದುಕೊಂಡವರು ವಿಳಂಬ ಮಾಡದೆ 1930 ಸಂಖ್ಯೆಗೆ ಕರೆ ಮಾಡತಕ್ಕದ್ದು. ‘ಇವತ್ತೇ ಹಣ ಕೊಡದಿದ್ದರೆ ನಿಮ್ಮ ಅರ್ಜಿ ವಜಾ ಆಗುತ್ತದೆ’ ಎಂದು ಕಚೇರಿಯ ಆವರಣದಲ್ಲಿ ಹೆದರಿಸುವ ಮಧ್ಯವರ್ತಿಯ ವಿಧಾನವೂ ಇದೇ ಜಾತಿಯದು, ಮೊತ್ತ ಮಾತ್ರ ಚಿಕ್ಕದು.

ದುಃಖದ ದಿನಗಳಲ್ಲಿ ಸಹಿ

ಭಯ ಮತ್ತು ಕೋಪ ಬೇಗ ಏರಿ ಇಳಿಯುತ್ತವೆ. ದುಃಖ ಹಾಗಲ್ಲ. ಸಾವಿನ ಮನೆಯಲ್ಲಿ ಮನಸ್ಸು ತೀರಿಕೊಂಡವರ ಕಡೆಗೇ ಮತ್ತೆ ಮತ್ತೆ ತಿರುಗುತ್ತದೆ, ಓದಿದ ಸಾಲನ್ನೇ ಮೂರು ಬಾರಿ ಓದಬೇಕಾಗುತ್ತದೆ. ಅಂತಹ ದಿನಗಳಲ್ಲಿ ಯಾವುದು ತುರ್ತಿನದು, ಯಾವುದು ಅಲ್ಲ ಎಂಬುದನ್ನು ನಾಗರಿಕರು ಮೊದಲೇ ತಿಳಿದಿರುವುದು ಒಳಿತು.

ತುರ್ತಿನದು ಮರಣ ನೋಂದಣಿ. ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ ಅನ್ವಯ ಮರಣದ ಮಾಹಿತಿಯನ್ನು 21 ದಿನಗಳೊಳಗೆ ನೀಡಬೇಕು. ಆಸ್ಪತ್ರೆಯಲ್ಲಿ ಮರಣ ಸಂಭವಿಸಿದ್ದರೆ ಮಾಹಿತಿ ನೀಡುವ ಹೊಣೆ ಆಸ್ಪತ್ರೆಯದು. ಅವಧಿ ಮೀರಿದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. 30 ದಿನಗಳವರೆಗೆ ವಿಳಂಬ ಶುಲ್ಕದೊಂದಿಗೆ, ಒಂದು ವರ್ಷದವರೆಗೆ ನಿಗದಿತ ಅಧಿಕಾರಿಯ ಅನುಮತಿಯೊಂದಿಗೆ, ಅದರ ನಂತರ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ನೋಂದಣಿ ಸಾಧ್ಯವಿದೆ. 2023ರ ತಿದ್ದುಪಡಿಯ ನಂತರ ಈ ಕೊನೆಯ ಆದೇಶವನ್ನು ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರು, ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ನೀಡುತ್ತಾರೆ.

ತುರ್ತಲ್ಲದ್ದು ಆಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ. ‘ಎಲ್ಲರೂ ಸೇರಿದ್ದೀರಿ, ಈಗಲೇ ಸಹಿ ಹಾಕಿಬಿಡಿ’ ಎಂಬ ಮಾತು ತಿಥಿಯ ಮನೆಯಲ್ಲಿ ಕೇಳಿಬರುವುದುಂಟು. ಸಾಮಾನ್ಯವಾಗಿ ಈ ಮಾತು ಹೆಣ್ಣುಮಕ್ಕಳನ್ನು ಉದ್ದೇಶಿಸಿರುತ್ತದೆ. ದುಃಖದ ನಡುವೆ ಅಣ್ಣತಮ್ಮಂದಿರೊಡನೆ ಮಾತು ಬೆಳೆಸುವ ಮನಸ್ಸಿಲ್ಲದೆ ಸಹಿ ಹಾಕಿದರೆ ಆ ಕ್ಷಣದ ಇರಿಸುಮುರಿಸು ತಪ್ಪುತ್ತದೆ. ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವನ್ನು ಮಾತ್ರ ಸಹಿ ಹಾಕಿದವರೊಬ್ಬರೇ ಹಿಂಪಡೆಯಲಾಗುವುದಿಲ್ಲ. ಇತರರು ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ಹದಿಮೂರು ದಿನಗಳೊಳಗೆ ಇಂತಹ ಪತ್ರಕ್ಕೆ ಸಹಿ ಹಾಕಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಕೆಲವು ತಿಂಗಳು ಕಳೆದ ಮೇಲೆ, ಪತ್ರವನ್ನು ಮನೆಗೆ ಕೊಂಡೊಯ್ದು ಓದಿ, ಆಸ್ತಿಯಲ್ಲಿ ಪಾಲಿಲ್ಲದ ಒಬ್ಬರಿಗೆ ತೋರಿಸಿ, ಆಮೇಲೂ ಬಿಟ್ಟುಕೊಡಬೇಕೆನ್ನಿಸಿದರೆ ಬಿಟ್ಟುಕೊಡಲು ಅಡ್ಡಿಯಿಲ್ಲ.

ಅರ್ಜಿದಾರರು ಅನುಸರಿಸಬಹುದಾದ ಕ್ರಮಗಳು

ಗಮನದ ಈ ಕುಗ್ಗುವಿಕೆ ಶಾಶ್ವತವಲ್ಲ. ಕಾನರ್ ಲಿಸ್ಟನ್ ಮತ್ತು ಸಂಗಡಿಗರು ದೊಡ್ಡ ಪರೀಕ್ಷೆಯ ಒತ್ತಡದಲ್ಲಿದ್ದ ವೈದ್ಯಕೀಯ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಮನವನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಅವರ ಸಾಮರ್ಥ್ಯ ಕುಂದಿತ್ತು. ಒತ್ತಡ ಕಳೆದ ಒಂದು ತಿಂಗಳ ನಂತರ ಅದು ಮತ್ತೆ ಮೊದಲಿನಂತಾಗಿತ್ತು. ಅವರು ಆರೋಗ್ಯವಂತ ಯುವಕರಾಗಿದ್ದರು ಎಂಬುದನ್ನು ಗಮನಿಸಬೇಕು. ಆದರೂ ಕಾಯುವುದರಿಂದ ಪ್ರಯೋಜನವಿದೆ ಎಂಬುದಕ್ಕೆ ಇದು ಆಧಾರ.

ಕಾಯಲು ಸಮಯವಿಲ್ಲದಿದ್ದಾಗ ಕೆಲಸವನ್ನು ಮೆದುಳಿನಿಂದ ಕಾಗದಕ್ಕೆ ವರ್ಗಾಯಿಸುವುದು ಉತ್ತಮ. ಲಗತ್ತುಗಳ ಪಟ್ಟಿಯನ್ನು ಮೊದಲೇ ಬರೆದುಕೊಂಡು, ಲಗತ್ತಿಸಿದಂತೆಲ್ಲ ಗುರುತು ಹಾಕತಕ್ಕದ್ದು. ಭರ್ತಿ ಮಾಡಿದ ನಮೂನೆಯನ್ನು ಆ ವಿಷಯದಲ್ಲಿ ನೋವಿಲ್ಲದ ಒಬ್ಬರಿಗೆ, ನೆರೆಮನೆಯವರಾದರೂ ಸರಿ, ಓದಲು ಕೊಡತಕ್ಕದ್ದು. ಸಂಖ್ಯೆಗಳನ್ನು ಗಟ್ಟಿಯಾಗಿ ಓದಿಸಿ ಮೂಲ ದಾಖಲೆಯೊಂದಿಗೆ ತಾಳೆ ನೋಡುವುದು ಲೆಕ್ಕಪತ್ರ ಶಾಖೆಯ ಹಳೆಯ ಪದ್ಧತಿ, ಇಂದಿಗೂ ಅದಕ್ಕಿಂತ ಮಿಗಿಲಾದುದು ಕಂಡುಬಂದಿಲ್ಲ. ಭಾವನೆಗೆ ಹೆಸರು ಕೊಡುವುದರಿಂದಲೂ ಸ್ವಲ್ಪ ಸಹಾಯವಾಗುತ್ತದೆ. ಕೋಪಗೊಂಡ ಅಥವಾ ಹೆದರಿದ ಮುಖಗಳ ಚಿತ್ರ ನೋಡುತ್ತ ಆ ಭಾವನೆಯ ಹೆಸರನ್ನು ಆರಿಸಿದವರಲ್ಲಿ ಅಮಿಗ್ಡಲದ ಪ್ರತಿಕ್ರಿಯೆ ತಗ್ಗಿತ್ತೆಂದು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದ್ದಾರೆ. ಕೌಂಟರಿನಲ್ಲಿ ‘ನನಗೆ ಗಾಬರಿಯಾಗಿದೆ, ದಯವಿಟ್ಟು ಇನ್ನೊಮ್ಮೆ ನಿಧಾನವಾಗಿ ಹೇಳಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಹೇಳಿದ್ದನ್ನು ಬರೆದುಕೊಡುವಂತೆಯೂ ಕೇಳಬಹುದು.

ತಿರಸ್ಕೃತವಾದ ಅರ್ಜಿಯ ಹಿಂಬರಹವನ್ನು ಕೈಗೆ ಪಡೆದ ದಿನವೇ ಉತ್ತರ ಬರೆಯುವ ಅಗತ್ಯವಿರುವುದಿಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ ಅಧಿಸೂಚಿತವಾದ ಸೇವೆಗಳಲ್ಲಿ ಅರ್ಜಿ ತಿರಸ್ಕೃತವಾದ ಅಥವಾ ಅವಧಿ ಮೀರಿದ ದಿನದಿಂದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರಡಿಯಲ್ಲಿಯೂ ಮೊದಲ ಮೇಲ್ಮನವಿಗೆ 30 ದಿನಗಳಿವೆ. ಹಿಂಬರಹವನ್ನು ಆ ದಿನ ಓದಿ, ಕೊನೆಯ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಎರಡು ಮೂರು ದಿನಗಳ ನಂತರ ಬರೆಯುವ ಮೇಲ್ಮನವಿಯಲ್ಲಿ ಕಾರಣಗಳು ಇರುತ್ತವೆ. ಅದೇ ಸಂಜೆ ಬರೆದದ್ದರಲ್ಲಿ ಬಹುತೇಕ ದೂರುಗಳೇ ಇರುತ್ತವೆ. ಅರ್ಜಿ ಸಲ್ಲಿಸಿದಾಗ ನೀಡಲಾಗುವ ಸಕಾಲ ಸ್ವೀಕೃತಿ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.

ನಿದ್ರೆ ಬಾರದಿರುವುದು, ಯಾವ ಕೆಲಸದಲ್ಲಿಯೂ ಮನಸ್ಸು ನಿಲ್ಲದಿರುವುದು, ಬದುಕು ಬೇಡವೆನ್ನಿಸುವುದು ವಾರಗಟ್ಟಲೆ ಮುಂದುವರಿದರೆ ಅರ್ಜಿಯ ಕೆಲಸವನ್ನು ಮನೆಯವರೊಬ್ಬರಿಗೆ ಒಪ್ಪಿಸಿ ಮೊದಲು ವೈದ್ಯರನ್ನು ಕಾಣಬೇಕು. ಅಕ್ಟೋಬರ್ 2022ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ಲಭ್ಯವಿದ್ದು, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಕೇಂದ್ರ ಸಂಸ್ಥೆಯಾಗಿದೆ. ಕನ್ನಡದಲ್ಲಿಯೇ ಮಾತನಾಡಬಹುದು.